ಜಾಡಿ ವ್ಯಾಪಾರಿಯ ಹಳೆಯ ಪುಟ

"ಶೆಟ್ಟರೇ, ಹಳೆಯ ಪುಟಗಳನ್ನೆಲ್ಲ ಅಳಿಸಿಬಿಡಲೇ?"

ಕೇಳಿದವನು ನಿಜಗುಣ. ಗಾಣದ ಎಣ್ಣೆ ಮಾರುವ ತರುಣ. ಎಣ್ಣೆಯ ಕಲಬೆರಕೆ ಗುರುತಿಸುವುದು ಹೇಗೆ, ಮುಗ್ಗದಂತೆ ಕಾಯ್ದಿಡುವುದು ಹೇಗೆ ಎಂದೆಲ್ಲ ತನ್ನ ವೆಬ್‌ಸೈಟಿನಲ್ಲಿ ಹಿಂದೊಮ್ಮೆ ಬರೆದಿಟ್ಟಿದ್ದ. ಆ ಪುಟಗಳನ್ನು ಹುಡುಕಿಕೊಂಡು ಬಂದವರೇ ಅವನ ಗಿರಾಕಿಗಳಾಗಿದ್ದರು. ಈಗ ಬರುವವರಿಲ್ಲ. ಫೋನನ್ನು ಕೈಯಲ್ಲೇ ಹಿಡಿದು ಬಂದಿದ್ದ. ಹೂಂ ಎಂದರೆ ಸಾಕು, ಅಲ್ಲೇ ಅಳಿಸುವವನು.

ಮೃತ್ಯುಂಜಯ ಶೆಟ್ಟರು ಚಳ್ಳಕೆರೆಯ ಪೇಟೆಯಲ್ಲಿ ಎಣ್ಣೆ ವ್ಯಾಪಾರ ಮಾಡಿ ತಲೆ ನರೆಸಿಕೊಂಡವರು. ಈಗ ಅಂಗಡಿಯನ್ನು ಮಗಳಿಗೆ ಬಿಟ್ಟು ಜಗಲಿಯ ಮೇಲೆ ಕೂರುತ್ತಾರೆ. ವ್ಯಾಪಾರ ಕಲಿಯಬೇಕೆನ್ನುವವರು ಸಂಜೆ ಅವರ ಸುತ್ತ ಸೇರುತ್ತಾರೆ. ಕೇಳಿದ ಪ್ರಶ್ನೆಗೆ ಅವರು ನೇರ ಉತ್ತರ ಕೊಟ್ಟದ್ದನ್ನು ಯಾರೂ ಕಂಡಿಲ್ಲ.

"ಅಳಿಸಿ ಏನು ಮಾಡ್ತೀಯ?"

"ಹೊಸದು ಬರೆಸ್ತೀನಿ, ದಿನಕ್ಕೊಂದು. ಹಳೆಯದಕ್ಕೆ ವಯಸ್ಸಾಯ್ತು."

"ಪುಟಕ್ಕೂ ವಯಸ್ಸಾಗುತ್ತೆ ಅನ್ನು. ಮಂಡಿನೋವು ಶುರುವಾಗಿದೆಯೋ?"

ಜಗಲಿಯಲ್ಲಿದ್ದವರು ನಕ್ಕರು. ಶೆಟ್ಟರು ನಗಲಿಲ್ಲ.

"ಫೋನು ಕೆಳಗಿಡು. ಒಬ್ಬ ಜಾಡಿ ವ್ಯಾಪಾರಿಯ ಕತೆ ಹೇಳ್ತೀನಿ. ಕೇಳಿದ ಮೇಲೆ ಬೇಕಾದರೆ ಅಳಿಸುವೆಯಂತೆ."

ಒಂದು ಊರಿನಲ್ಲಿ ಒಬ್ಬ ಜಾಡಿ ವ್ಯಾಪಾರಿ ಇದ್ದ. ಮಾರುತ್ತಿದ್ದುದು ಉಪ್ಪಿನಕಾಯಿ ಹಾಕುವ ಪಿಂಗಾಣಿ ಜಾಡಿ. ಆಸಾಮಿ ಬುದ್ಧಿವಂತ. ಜಾಡಿಯನ್ನು ಹೊಗಳಿದರೆ ಜಾಡಿ ಹೋಗುವುದಿಲ್ಲ, ಉಪ್ಪಿನಕಾಯಿ ಹಾಕುವುದನ್ನು ಕಲಿಸಿದರೆ ತಾನಾಗಿ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಹೀಗಾಗಿ ವೆಬ್‌ಸೈಟ್ ಮಾಡಿಸಿದಾಗ ಅದರಲ್ಲಿ ಒಂದು ಪುಟ ಬರೆದ. ವರ್ಷವಾದರೂ ಕೆಡದ ಹಾಗೆ ಮಾವಿನಕಾಯಿ ಉಪ್ಪಿನಕಾಯಿ ಹಾಕುವುದು ಹೇಗೆ ಎಂಬ ಪುಟ. ತಾಯಿಯ ಪಕ್ಕದಲ್ಲಿ ಕೂತು, ತಾನೂ ಕೈಯಿಟ್ಟು ಹಾಕಿ, ಆಮೇಲೆ ಬರೆದದ್ದು.

ಆ ಪುಟ ಓಡಿತು. ಉಪ್ಪಿನಕಾಯಿ ಎಂದು ಯಾರು ಎಲ್ಲಿ ಹುಡುಕಿದರೂ ಮೊದಲು ಸಿಗುತ್ತಿದ್ದುದು ಅದೇ. ಓದಿದವರು ಕೊನೆಯಲ್ಲಿ ಜಾಡಿಯ ಚಿತ್ರ ನೋಡುತ್ತಿದ್ದರು. ನೋಡಿದವರು ಕೊಳ್ಳುತ್ತಿದ್ದರು. ಮಾವಿನ ಸುಗ್ಗಿ ಬಂತೆಂದರೆ ಜಾಡಿಗೆ ಹುಲ್ಲು ಸುತ್ತಿ ಪಾರ್ಸೆಲ್ ಕಟ್ಟುವುದರಲ್ಲೇ ಬೆಳಗು ಬೈಗು ಒಂದಾಗುತ್ತಿತ್ತು.

ಬರೆದ ಪುಟವನ್ನು ಅವನು ಮತ್ತೆ ತೆರೆದು ನೋಡಲಿಲ್ಲ. ಓಡುವ ಕುದುರೆಯ ಕಾಲೆತ್ತಿ ಲಾಳ ನೋಡುವವರು ಯಾರು?

ವರ್ಷಗಳು ಹೋದವು. ಪುಟ ಜಾರಿತು. ಮೊದಲನೆಯದಾಗಿದ್ದದ್ದು ಐದನೆಯದಾಯಿತು. ಆಮೇಲೆ ಪಟ್ಟಿಯ ಕೆಳಗೆ, ಯಾರ ಬೆರಳೂ ಹೋಗದ ಜಾಗಕ್ಕೆ ಇಳಿಯಿತು. ಪೇಟೆ ಬೀದಿಯ ಅಂಗಡಿಯನ್ನು ಎತ್ತಿ ಹಿಂದಿನ ಗಲ್ಲಿಯಲ್ಲಿಟ್ಟ ಹಾಗಾಯಿತು. ಗೋದಾಮಿನಲ್ಲಿ ದೊಡ್ಡ ದೊಡ್ಡ ಜಾಡಿಗಳು ಧೂಳು ಹೊದ್ದು ಕೂತವು.

ಅಂಗಡಿಯ ಕಟ್ಟಡ ಅವನ ಹೆಂಡತಿಯ ತವರಿನದು. ಅವಳ ತಮ್ಮನಿಗೆ ಅಲ್ಲಿ ಮೊಬೈಲ್ ಅಂಗಡಿ ಇಡುವ ಆಸೆ. ಅಕ್ಕನನ್ನು ನೋಡುವ ನೆಪದಲ್ಲಿ ಬಂದವನು ಜೇಬಿನಿಂದ ಅಳತೆ ಟೇಪು ತೆಗೆದು ಗೋಡೆ ಅಳೆಯುತ್ತಿದ್ದ.

"ಭಾವ, ಇಲ್ಲೊಂದು ಗಾಜಿನ ಕಪಾಟು ಬಂದರೆ ಹೆಂಗಿರುತ್ತೆ?"

"ನಿನ್ನ ತಲೆ ಇಟ್ಟರೆ ಇನ್ನೂ ಚೆನ್ನಾಗಿರುತ್ತೆ."

ನಗುತ್ತಲೇ ಆಡಿದ ಮಾತು ಒಂದು ದಿನ ಕರಾರಾಯಿತು. ಮುಂಗಾರು ಬೀಳುವುದರೊಳಗೆ ಗೋದಾಮು ಖಾಲಿಯಾದರೆ ಅಂಗಡಿ ಭಾವನದು. ಇಲ್ಲದಿದ್ದರೆ ಕೀಲಿಕೈ ಭಾಮೈದನ ಕೈಗೆ. ಮಳೆ ಬಿದ್ದ ಮೇಲೆ ಉಪ್ಪಿನಕಾಯಿ ಹಾಕುವವರಿಲ್ಲ, ಜಾಡಿ ಕೇಳುವವರಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಉಗಾದಿ ಬಂತು. ಆ ದಿನ ಅಂಗಡಿ ತೊಳೆದು, ತಕ್ಕಡಿಗೆ ಅರಿಸಿನ ಕುಂಕುಮ ಹಚ್ಚಿ, ಹೊಸ ಲೆಕ್ಕದ ಪುಸ್ತಕಕ್ಕೆ ಶ್ರೀಕಾರ ಬರೆಯುವುದು ಅವರ ಮನೆತನದ ಪದ್ಧತಿ. ಆ ವರ್ಷ ವ್ಯಾಪಾರಿ ಕಂಪ್ಯೂಟರಿಗೂ ಕುಂಕುಮವಿಟ್ಟ. ಒಂದು ಮೊಳ ಹೂ ಏರಿಸಿದ. ಮಂಗಳಾರತಿ ಬೆಳಗಿ, ಕೂತು, ಪುಟದ ನೆತ್ತಿಯ ಮೇಲಿದ್ದ ಹಳೆಯ ತಾರೀಖು ಅಳಿಸಿ ಉಗಾದಿಯ ತಾರೀಖು ಹಾಕಿದ. ತಲೆಬರಹಕ್ಕೆ 'ಈ ವರ್ಷದ ಹೊಸ ವಿಧಾನ' ಎಂದು ಬಾಲ ಅಂಟಿಸಿದ. ಒಳಗಿನ ಒಂದು ಸಾಲನ್ನೂ ಓದಲಿಲ್ಲ. ಪುಸ್ತಕ ಹೊಸದಾದರೆ ವ್ಯಾಪಾರ ಹೊಸದಾಗುತ್ತದೆ ಎಂದು ಅಪ್ಪ, ಅಜ್ಜ ಎಲ್ಲ ನಂಬಿದ್ದರು. ತಾರೀಖು ಹೊಸದಾದರೆ ಪುಟ ಹೊಸದಾಯಿತು ಎಂದು ಇವನು ನಂಬಿದ.

"ಜನ ಬಂದರೇ?" ಎಂದ ನಿಜಗುಣ.

"ಬಂದರು!" ಶೆಟ್ಟರು ತೊಡೆ ತಟ್ಟಿದರು. "ಬರದೆ ಏನು! ವಾರದೊಳಗೆ ಪುಟ ಮೇಲಕ್ಕೆ ಹಾರಿತು. ಹೊಸ ವಿಧಾನ ಅಂದರೆ ಯಾರಿಗೆ ಬೇಡ? ಅವನಂತೂ ಹುಲ್ಲಿನ ಹೊರೆಯನ್ನೇ ತರಿಸಿಬಿಟ್ಟ. ಭಾಮೈದನಿಗೆ, ಟೇಪು ಸುತ್ತಿ ಜೇಬಿಗೆ ಹಾಕ್ಕೋ ಅಂತ ಹೇಳಿ ಕಳಿಸಿದ."

"ಅಷ್ಟೇನಾ? ತಾರೀಖು ಬದಲಾಯಿಸಿದರೆ ಮುಗೀತಾ? ನಾನು ಈಗಲೇ..."

"ಕೂತ್ಕೋ. ಉಪ್ಪಿನಕಾಯಿ ಕಲಸಿದ ದಿನವೇ ನಾಲಿಗೆ ಚಾಚಬೇಡ."

ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಆಟೋ ನಿಂತಿತು. ಒಬ್ಬ ಗೃಹಿಣಿ ಇಳಿದಳು. ತೋಳುಗಳಲ್ಲಿ ತಬ್ಬಿ ತಂದ ಜಾಡಿಯನ್ನು ಧಡ್ ಎಂದು ಗಲ್ಲಾದ ಮುಂದೆ ಇಟ್ಟಳು. ಮುಚ್ಚಳ ತೆಗೆದಳು. ಒಳಗೆ ಹೋಳುಗಳ ಮೇಲೆ ಬೆಳ್ಳಗೆ ಹೊದಿಕೆ.

"ಇದೇನು ಹೇಳಿ, ಯಜಮಾನರೇ."

"ಬೂಷ್ಟು. ಕೈ ಒದ್ದೆ ಇತ್ತೇನಮ್ಮ?"

"ಕೈ ವಿಷಯ ಆಮೇಲೆ. ನಿಮ್ಮ ಹೊಸ ವಿಧಾನ ನೋಡಿಯೇ ಹಾಕಿದ್ದು. ಹೋಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ ಅಂದಿದ್ದೀರಿ. ನಾವಿರೋದು ಮಧ್ಯದ ಮಹಡಿಯಲ್ಲಿ. ಮೇಲಿನ ಮಾಳಿಗೆಗೆ ಓನರ್ ಬೀಗ ಹಾಕಿದ್ದಾರೆ. ಬಿಸಿಲು ಅವರ ಆಸ್ತಿ. ಒಂದು ಸೇರು ಉಪ್ಪು ಅಂದಿದ್ದೀರಿ. ನಮ್ಮ ಮನೆಯಲ್ಲಿ ಸೇರು ಎಲ್ಲಿಂದ ಬರಬೇಕು? ನಮ್ಮವರಿಗೆ ಬಿ.ಪಿ. ಇದೆ, ಉಪ್ಪು ಕಡಿಮೆ ಹಾಕಬಹುದೇ ಅಂತ ಪುಟದ ಕೆಳಗೆ ಕೇಳಿದೆ. ಉತ್ತರ ಬಂತೇ? ನನಗಿಂತ ಮೊದಲು ಅದನ್ನೇ ಕೇಳಿದವರು ಎಷ್ಟು ಜನ ಇದ್ದಾರೆ ನೋಡಿದ್ದೀರಾ?"

ಅವನು ನೋಡಿರಲಿಲ್ಲ. ಆದರೂ ವ್ಯಾಪಾರಿಯ ನಾಲಿಗೆ ಸುಮ್ಮನಿರುವುದೇ?

"ಬಿಡಿ ತಾಯಿ. ನಮ್ಮ ಮನೆಯಲ್ಲಿ ಹಾಕಿಸಿ ಒಂದು ಜಾಡಿ ಕಳಿಸಿಕೊಡ್ತೀನಿ."

"ನಿಮ್ಮ ಮನೆಯ ಬಿಸಿಲಲ್ಲಿ ಹಾಕಿ ಕಳಿಸಿದರೆ ನನಗೇನು ಬಂತು? ನನ್ನ ಅಡುಗೆಮನೆಯಲ್ಲಿ ಆಗುವ ದಾರಿ ಹೇಳಿ. ಇಲ್ಲ, ಗೊತ್ತಿಲ್ಲ ಅಂತ ಬರೀರಿ. ನಾವು ಬೇರೆ ಕಡೆ ಹುಡುಕ್ಕೋತೀವಿ."

ಆಟೋ ಹೊರಟುಹೋಯಿತು. ವ್ಯಾಪಾರಿ ಕಂಪ್ಯೂಟರಿನ ಮುಂದೆ ಕೂತ. ಪುಟ ಆಗಲೇ ಜಾರತೊಡಗಿತ್ತು. ಬಂದವರೆಲ್ಲ ಬಂದ ಕಾಲಲ್ಲೇ ಹಿಂತಿರುಗುತ್ತಿದ್ದರು. ಬಾಗಿಲಿಗೆ ಹೊಸ ಬಣ್ಣ, ಒಳಗೆ ಹಳೆಯ ಸರಕು. ಎರಡನೆಯ ಸಲ ಯಾರು ಬಂದಾರು?

ಆಗ ಅವನು ತನ್ನ ಪುಟವನ್ನು ಮೊದಲಿಂದ ಓದಿದ. ಓದುತ್ತ ಓದುತ್ತ ಬೆವೆತ. ತಾಯಿಯ ಕಾಲದ ಮನೆ, ತಾಯಿಯ ಕಾಲದ ಅಳತೆ, ಹದಿನೈದು ಜನ ಒಟ್ಟಿಗೆ ಉಣ್ಣುವ ಪಂಕ್ತಿ. ಮಾವಿನಕಾಯಿ ಮಾತ್ರ ಈಗಿನದು. ಕೆಳಗೆ ಪ್ರಶ್ನೆಗಳ ಸಾಲು. ಒಬ್ಬೊಬ್ಬರೂ ಬಂದು, ಕರೆದು, ಯಾರೂ ಓಗೊಡದ್ದಕ್ಕೆ ಹೊರಟುಹೋಗಿದ್ದರು.

ಅಷ್ಟರಲ್ಲಿ ಭಾಮೈದ ಬಂದ.

"ಭಾವ, ನಿಮ್ಮ ಒಳ್ಳೆಯದಕ್ಕೇ ಹೇಳ್ತೀನಿ. ಆ ಪುಟ ಕಿತ್ತುಹಾಕಿ. ಇಪ್ಪತ್ತು ಹೊಸ ಪುಟ ಬರೆಸಿ."

"ಒಂದೇ ಬೀದಿಯಲ್ಲಿ ನನ್ನದೇ ಇಪ್ಪತ್ತು ಅಂಗಡಿ ತೆರೆದರೆ ಗಿರಾಕಿ ಯಾವುದರೊಳಗೆ ಹೋಗಬೇಕೋ? ಈ ಪುಟದ ಬಾಗಿಲಿಗೆ ಬರುವ ದಾರಿ ಜನಕ್ಕೆ ಇನ್ನೂ ಗೊತ್ತಿದೆ. ಅಡ್ರೆಸ್ ಮುಟ್ಟಲ್ಲ. ಸರಕು ಬದಲಾಯಿಸ್ತೀನಿ."

"ಬದಲಾಯಿಸಿ, ಬದಲಾಯಿಸಿ. ಮೋಡ ನೋಡಿದಿರಾ?" ಎಂದು ಭಾಮೈದ ನಕ್ಕ.

ವ್ಯಾಪಾರಿ ಮಾವಿನಕಾಯಿ ತಂದ. ಹೋಳು ಮಾಡಿದ. ಬಿಸಿಲಿಗೆ ಹೋಗಲಿಲ್ಲ. ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ, ಆ ಗೃಹಿಣಿಯ ಮನೆಯಲ್ಲಿ ಏನಿದೆಯೋ ಅಷ್ಟನ್ನೇ ಇಟ್ಟುಕೊಂಡು ಹಾಕಿದ. ಕೆಟ್ಟಿತು. ಮುಚ್ಚಳ ತೆಗೆದರೆ ಹುಳಿ ವಾಸನೆ ಮೂಗಿಗೆ ಹೊಡೆಯಿತು.

"ಊರಿಗೆಲ್ಲ ಉಪ್ಪಿನಕಾಯಿ ಕಲಿಸ್ತೀರಿ," ಎಂದಳು ಹೆಂಡತಿ. "ಮನೆಗೆ ಮಾತ್ರ ಬಾಟಲಿಯದು ತರ್ತೀರಿ. ಈಗ ಗೊತ್ತಾಯಿತೇ ಕಷ್ಟ?"

ಗೊತ್ತಾಯಿತು. ಕಷ್ಟ ಗೊತ್ತಾದದ್ದೇ ತಡ, ಅವನಿಗೆ ಹುಮ್ಮಸ್ಸು ಬಂತು. ಇಂಥ ಹುಮ್ಮಸ್ಸು ಬಂದು ವರ್ಷಗಳಾಗಿದ್ದವು. ಊಟಕ್ಕೆ ಕರೆದರೆ ಬರಲಿಲ್ಲ. ಇನ್ನೊಂದು ಸಲ ಹಾಕಿದ. ಈ ಸಲ ಕಾಯಿಯನ್ನು ಒರೆಸಿ, ಹೋಳುಗಳನ್ನು ಬಟ್ಟೆಯ ಮೇಲೆ ಹರವಿ ಫ್ಯಾನು ಹಾಕಿ ಆರಿಸಿದ. ಉಪ್ಪನ್ನು ಬಾಣಲೆಯಲ್ಲಿ ಹುರಿದು ತಣಿಸಿದ. ಹೋಳು ಬಿಟ್ಟ ಉಪ್ಪುನೀರನ್ನು ಕುದಿಸಿ, ಆರಿಸಿ, ಮತ್ತೆ ಅದಕ್ಕೇ ಸೇರಿಸಿದ. ಮೇಲೆ ಕಾಯಿಸಿ ತಣಿಸಿದ ಎಣ್ಣೆ ಹೊಯ್ದ. ದಿನವೂ ಬೆಳಿಗ್ಗೆ ಎದ್ದವನು ದೇವರ ಮನೆಗೆ ಹೋಗುವ ಮೊದಲು ಜಾಡಿಯ ಮುಚ್ಚಳ ತೆಗೆದು ನೋಡುತ್ತಿದ್ದ. ದಿನಗಳು ಕಳೆದವು. ಬೂಷ್ಟಿಲ್ಲ! ಪಕ್ಕದಲ್ಲೇ ಉಪ್ಪು ಕಡಿಮೆ ಹಾಕಿ ಇಟ್ಟಿದ್ದ ಇನ್ನೊಂದು ಜಾಡಿಯದು ಮಾತ್ರ ಹೊರಗೆ ನಿಲ್ಲಲಿಲ್ಲ, ಕೆಟ್ಟಿತು. ಅಂಥದ್ದನ್ನೇ ಮತ್ತೆ ಸ್ವಲ್ಪವೇ ಹಾಕಿ ಫ್ರಿಜ್ಜಿನಲ್ಲಿಟ್ಟ. ನಿಂತಿತು!

ಆಮೇಲೆ ಪುಟಕ್ಕೆ ಕೈ ಹಾಕಿದ. ಸೇರು ಹೋಯಿತು, ಗ್ರಾಂ ಬಂತು. ಮಾಳಿಗೆ ಇದ್ದವರಿಗೆ ಬಿಸಿಲು, ಇಲ್ಲದವರಿಗೆ ಫ್ಯಾನು. ಬಿ.ಪಿ. ಇರುವವರು ಡಾಕ್ಟರನ್ನು ಕೇಳಿ ತಿನ್ನಿ, ಉಪ್ಪು ಕಡಿಮೆ ಹಾಕಿದ್ದನ್ನು ಹೊರಗಿಡಬೇಡಿ ಎಂದು ಬರೆದ. ತಾನು ಹಾಕಿದ್ದು ಮೊದಲ ಸಲ ಕೆಟ್ಟದ್ದನ್ನೂ ಬರೆದ, ಏಕೆ ಕೆಟ್ಟಿತು ಎಂಬುದನ್ನೂ ಬರೆದ. ತಾಯಿಯ ಮಸಾಲೆಯ ಹದವನ್ನು ಹಾಗೇ ಬಿಟ್ಟ, ಅದರಲ್ಲಿ ತಪ್ಪಿರಲಿಲ್ಲ. ಕೆಳಗಿದ್ದ ಒಂದೊಂದು ಪ್ರಶ್ನೆಗೂ ಉತ್ತರ ಕೊಟ್ಟ. 'ಹೊಸ ವಿಧಾನ' ಎಂಬ ಬಾಲ ಕತ್ತರಿಸಿದ. ಕೊನೆಗೆ ಒಂದು ಸಾಲು ಸೇರಿಸಿದ: ಮೂರು ಜನರ ಮನೆಗೆ ದೊಡ್ಡ ಜಾಡಿ ಬೇಡ.

ಭಾಮೈದ ಅದನ್ನು ಓದಿ ಹೌಹಾರಿದ.

"ಭಾವ, ನಿಮಗೇನು ಬಂತು? ಗೋದಾಮಿನ ತುಂಬ ದೊಡ್ಡ ಜಾಡಿ ಇಟ್ಟುಕೊಂಡು ದೊಡ್ಡದು ಬೇಡ ಅಂತೀರಲ್ಲ!"

"ಬರೆದ ಮೇಲೆ ನನಗೂ ಹಾಗೇ ಅನ್ನಿಸಿತು. ಲಾರಿ ಕರೆಸಿದ್ದೀನಿ. ದೊಡ್ಡವು ಕಾರ್ಖಾನೆಗೆ ವಾಪಸ್ಸು, ಬದಲಿಗೆ ಸಣ್ಣವು ಬರ್ತಾವೆ."

"ಲಾರಿಗೆ ತುಂಬಿ ಗೋದಾಮು ಖಾಲಿ ಮಾಡಿದರೆ ಕರಾರಿಗೆ ಸೇರಲ್ಲ."

"ಸೇರಿಸು ಅಂದವರು ಯಾರು? ಸಣ್ಣವನ್ನು ಗೋದಾಮಿನ ತುಂಬ ಇಳಿಸ್ತೀನಿ. ಮಳೆಯೊಳಗೆ ಅವು ಖಾಲಿಯಾಗಬೇಕು. ಸರಿಯೇ?"

"ಸರಿ," ಎಂದ ಭಾಮೈದ. ಇಷ್ಟು ಸುಲಭವಾಗಿ ಅಂಗಡಿ ಕೈಗೆ ಬರುತ್ತದೆಂದು ಅವನೂ ಎಣಿಸಿರಲಿಲ್ಲ.

ಸಣ್ಣ ಜಾಡಿಗಳು ಬಂದವು. ಗೋದಾಮು ನೆಲದಿಂದ ಸೂರಿನವರೆಗೆ ತುಂಬಿತು.

ಪುಟ ಮಾತ್ರ ಅಲುಗಲಿಲ್ಲ.

ಇವತ್ತು ನೋಡಿದರೆ ಇದ್ದಲ್ಲೇ. ನಾಳೆ ನೋಡಿದರೆ ಇದ್ದಲ್ಲೇ. ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟತೊಡಗಿತು. ಭಾಮೈದ ಈಗ ಟೇಪು ತರುತ್ತಿರಲಿಲ್ಲ, ಬಡಗಿಯನ್ನೇ ಕರೆದುಕೊಂಡು ಬರುತ್ತಿದ್ದ. ವ್ಯಾಪಾರಿಯ ಕೈ ತಾರೀಖಿನ ಕಡೆಗೆ ಮತ್ತೆ ಮತ್ತೆ ಹೋಗುತ್ತಿತ್ತು. ಇನ್ನೊಂದು ಸಲ ಬದಲಾಯಿಸಿದರೆ ಒಂದು ವಾರದ ಮಟ್ಟಿಗಾದರೂ ಜನ ಬಂದಾರು. ಬರುತ್ತಿದ್ದರು ಕೂಡ. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಧರ್ಮಕ್ಕೆ ಹೆದರಿ ಅಲ್ಲ. ಒಂದು ಸಲ ನಷ್ಟವಾದ ದಾರಿಯಲ್ಲಿ ವ್ಯಾಪಾರಿ ಇನ್ನೊಂದು ಗಾಡಿ ಸರಕು ಕಳಿಸುವುದಿಲ್ಲ.

ಆ ಗೃಹಿಣಿಯ ಫೋನ್ ನಂಬರು ಜಾಡಿ ಕೊಂಡಾಗಿನದು ಅವನಲ್ಲಿತ್ತು. ಕರೆ ಮಾಡಿದ.

"ತಾಯಿ, ಪುಟ ತಿದ್ದಿದ್ದೀನಿ. ಇನ್ನೊಂದು ಸಲ ಹಾಕಿ ನೋಡಿ. ಕೆಟ್ಟರೆ ಅಂಗಡಿಗೆ ಬಂದು ಪೇಟೆಯವರ ಮುಂದೆ ಬೈಯಿರಿ."

"ಬೈಯೋದಕ್ಕೆ ನಿಮ್ಮ ಅಪ್ಪಣೆ ಬೇಕೇ?" ಎಂದಳು ಅವಳು. ಆದರೆ ಹಾಕಿದಳು.

ಕೆಲವು ದಿನ ಕಳೆದ ಮೇಲೆ ಅವಳೇ ಕರೆ ಮಾಡಿದಳು. "ಯಜಮಾನರೇ, ಹೋಳು ಇನ್ನೂ ಕಟುಂ ಅನ್ನುತ್ತೆ! ನಮ್ಮಕ್ಕನಿಗೆ ಕಳಿಸಿದ್ದೀನಿ, ಪುಟವನ್ನ. ನಮ್ಮ ಕಟ್ಟಡದ ಹೆಂಗಸರ ಗುಂಪಿಗೂ ಹಾಕಿದ್ದೀನಿ."

ಅಕ್ಕ ನಾದಿನಿಗೆ ಕಳಿಸಿದಳು. ನಾದಿನಿ ಅಡುಗೆಯ ವಿಷಯ ಬರೆಯುವವಳು, ತನ್ನ ಬರಹದಲ್ಲಿ ಇದರ ವಿಳಾಸ ಕೊಟ್ಟಳು. ಬಂದವರು ಈಗ ನಿಂತರು. ಕೊನೆಯ ಸಾಲಿನವರೆಗೆ ಓದಿದರು. ಕೆಳಗೆ ಹೊಸ ಪ್ರಶ್ನೆ ಕೇಳಿದರು, ಅಂದೇ ಉತ್ತರ ಪಡೆದರು. ಪುಟ ಅಲುಗಿತು. ಮೊದಲು ಒಂದು ಮೆಟ್ಟಿಲು. ಆಮೇಲೆ ಎರಡು. ಒಂದು ಬೆಳಿಗ್ಗೆ ವ್ಯಾಪಾರಿ ಹಲ್ಲುಜ್ಜುತ್ತ ಫೋನು ನೋಡಿದ. ಉಪ್ಪಿನಕಾಯಿ ಎಂದು ಹುಡುಕಿದರೆ ಎಲ್ಲಕ್ಕಿಂತ ಮೇಲೆ, ಅವನ ಪುಟ!

ಬಾಯಲ್ಲಿ ನೊರೆ ಇಟ್ಟುಕೊಂಡೇ ಕೂಗಿದ. ಹೆಂಡತಿ ಹಾವು ಬಂತೆಂದು ಪೊರಕೆ ಹಿಡಿದು ಓಡಿಬಂದಳು.

ಆಮೇಲಿನದು ಕೇಳಬೇಡಿ. ಫೋನು ಕೆಳಗಿಡುವ ಹಾಗಿಲ್ಲ. ಹುಲ್ಲು ಅಂಗಡಿಯ ತುಂಬ, ತಲೆಯ ತುಂಬ. ಒಬ್ಬಳಿಗೆ ಎರಡು ಸಣ್ಣ ಜಾಡಿ, ಇನ್ನೊಬ್ಬಳಿಗೆ ನಾಲ್ಕು, ಮದುವೆಯಾದ ಮಗಳಿಗೆ ಒಂದು ಸೆಟ್ಟು. ದೊಡ್ಡ ಜಾಡಿ ಒಂದು ಹೋಗುವ ಮನೆಗೆ ಸಣ್ಣವು ಜೋಡಿ ಜೋಡಿಯಾಗಿ ಹೋದವು. ಕೀಲಿಕೈ ಕೇಳಲು ಬಂದ ಭಾಮೈದನ ಕೈಗೆ ವ್ಯಾಪಾರಿ ಹುರಿ ಕೊಟ್ಟ. "ಸುಮ್ಮನೆ ನಿಂತರೆ ಜಾಗ ಅಡ್ಡ. ಕಟ್ಟು." ಭಾಮೈದ ಬೈದುಕೊಳ್ಳುತ್ತ ಕಟ್ಟಿದ. ಸಂಜೆಯ ಹೊತ್ತಿಗೆ ಬೈಯುವುದನ್ನೂ ಮರೆತು, "ಇನ್ನೆಷ್ಟು ಭಾವ, ಇನ್ನೆಷ್ಟು?" ಎಂದು ತಾನೇ ಗೋದಾಮಿಗೆ ಓಡುತ್ತಿದ್ದ.

ಗಾಳಿ ಎದ್ದಿತು. ಧೂಳಿನ ಮೇಲೆ ದಪ್ಪ ಹನಿಗಳು ಬಿದ್ದವು. ಕೊನೆಯ ಪಾರ್ಸೆಲ್ ಹೊತ್ತ ಗಾಡಿ ಟಾರ್ಪಾಲು ಎಳೆದುಕೊಂಡು ಹೊರಟಿತು. ಇಬ್ಬರೂ ಒದ್ದೆಯಾಗಿ ಗೋದಾಮಿನ ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ನೆಲ ಕಾಣುತ್ತಿತ್ತು.

ಭಾಮೈದ ತಲೆ ಕೆರೆದುಕೊಂಡ. "ಭಾವ, ನಾನು ಮೊಬೈಲ್ ಅಂಗಡಿಯನ್ನು ಎದುರಿನ ಸಾಲಿನಲ್ಲಿ ಇಟ್ಟರೆ, ನನಗೂ ಅಂಥದೊಂದು ಪುಟ ಬರೆದುಕೊಡ್ತೀರಾ?"

ಶೆಟ್ಟರು ಕತೆ ನಿಲ್ಲಿಸಿದರು. ಜಗಲಿಯಲ್ಲಿದ್ದವರೆಲ್ಲ ತಮ್ಮದೇ ಗೋದಾಮು ಖಾಲಿಯಾದ ಹಾಗೆ ಹಿಗ್ಗಿದ್ದರು. ನಿಜಗುಣನಂತೂ ಎದ್ದೇ ನಿಂತಿದ್ದ.

"ತಿಳೀತು, ಶೆಟ್ಟರೇ! ಅಳಿಸಲ್ಲ. ಅಡ್ರೆಸ್ ಮುಟ್ಟಲ್ಲ. ಬರೀ ತಾರೀಖು ಬದಲಾಯಿಸಲ್ಲ. ಒಳಗಿನದನ್ನು ಈಗಿನವರಿಗೆ ಬೇಕಾದ ಹಾಗೆ ತಿದ್ದಬೇಕು, ಕೇಳಿದವರಿಗೆ ಉತ್ತರ ಕೊಡಬೇಕು. ಇವತ್ತೇ ಕೂತು ಎಲ್ಲ ಪುಟ ತಿದ್ದಿಬಿಡ್ತೀನಿ."

"ಯಾವುದರಿಂದ ಶುರು ಮಾಡ್ತೀಯ?"

"ಎಣ್ಣೆ ಮುಗ್ಗದ ಹಾಗೆ ಕಾಯ್ದಿಡೋದು ಹೇಗೆ ಅನ್ನೋ ಪುಟದಿಂದ. ಹಿಂದೆ ತುಂಬ ಓಡಿದ್ದು ಅದೇ."

ಶೆಟ್ಟರು ಕೆಳಗಿದ್ದ ಫೋನನ್ನು ಎತ್ತಿ ಅವನ ಕೈಗೆ ಕೊಟ್ಟರು.

"ಅದರಲ್ಲಿ ಬರೆದ ಹಾಗೆ ನಿಮ್ಮ ಮನೆಯಲ್ಲಿ ಎಣ್ಣೆ ಇಟ್ಟು ಎಷ್ಟು ವರ್ಷವಾಯಿತು?"

ನಿಜಗುಣ ಫೋನನ್ನು ಜೇಬಿಗೆ ಹಾಕಿ, ಮೊದಲು ಮನೆಯ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದು ನೋಡಲು ಹೊರಟ.